ನಮ್ಮೂರಲ್ಲಿ ಕೆಂಪು ನಾಯಿ ಯಾಕಿಲ್ಲ

ಕೊಳತ್ತೂರು ಬಸ್‌ಸ್ಟ್ಯಾಂಡಿನಲ್ಲಿ ನಾನು ಕಡಲೆ ಮಿಠಾಯಿ ಹಂಚುತ್ತಿದ್ದೆ. ನಮ್ಮೂರ ಬಸ್ಸಿನ ಕಂಡಕ್ಟರ್ ಕೈಚಾಚಿ, “ಏನಮ್ಮಾ, ಪೇತ್ತಿಗೆ ಫಸ್ಟ್ ಪ್ರೈಜಾ?” ಎಂದು ಕೇಳಿದ. ಪೇತ್ತಿ ಎಂದರೆ ತಮಿಳಿನಲ್ಲಿ ಮೊಮ್ಮಗಳು.

“ಇಲ್ಲ ಕಣಪ್ಪ. ಆರು ಮಕ್ಳು ಮಾತಾಡಿದ್ವು, ನಮ್ದು ಆರನೇದು” ಎಂದೆ.

ಅವನು ಮಿಠಾಯಿಯನ್ನು ಬಾಯಿಗೆ ಹಾಕಿಕೊಳ್ಳುವುದೋ ವಾಪಸ್ ಕೊಡುವುದೋ ತಿಳಿಯದೆ ಹಾಗೇ ಹಿಡಿದುಕೊಂಡು ನಿಂತ. ಪಕ್ಕದಲ್ಲಿ ಹೂವು ಕಟ್ಟುತ್ತಿದ್ದವಳು, “ಸೋತಿದ್ದಕ್ಕೆ ಮಿಟಾಯಿ ಅಂಚೋ ಅಜ್ಜಿನ ಇವತ್ತೇ ನಾನ್ ನೋಡಿದ್ದು” ಎಂದು ನಕ್ಕಳು. ನಗಲಿ ಬಿಡಿ. ನನಗೆ ಎದೆ ತುಂಬಿ ಬಂದಿತ್ತು. ಯಾರಿಗಾದರೂ ಹಂಚದಿದ್ದರೆ ಮನೆ ಮುಟ್ಟುವಷ್ಟರಲ್ಲಿ ಒಡೆದುಹೋಗುತ್ತೇನೆ ಅನ್ನಿಸಿತ್ತು. ಪೊಟ್ಟಣ ಪೂರ್ತಿ ಖಾಲಿ ಮಾಡಿದೆ. ಒಂದೇ ಒಂದು ತುಂಡನ್ನು ಮಾತ್ರ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡೆ. ಅದು ಯಾರಿಗೆಂದು ಮುಂದೆ ಹೇಳುತ್ತೇನೆ.

ಮೊಮ್ಮಗಳಿಗೆ ಸ್ಕೂಲಿನಲ್ಲಿ ಒಂದು ಸ್ಟೀಲ್ ಬಟ್ಟಲು ಕೊಟ್ಟರು. ಗೆಲ್ಲದವರಿಗೆಲ್ಲ ಅದೇ. ಅಂಗೈಯಷ್ಟು ಅಗಲ, ತಳದಲ್ಲಿ ಸ್ಟಿಕರ್ ಇನ್ನೂ ಅಂಟಿಕೊಂಡಿದೆ. ಸೊಸೆ ಸೆಲ್ವಿ ಅದರಲ್ಲಿ ಮೊಸರಿಗೆ ಹೆಪ್ಪು ಹಾಕಲು ಹೋದಳು, ನಾನು ಬಿಡಲಿಲ್ಲ. ದೀಪದ ಗೂಡಿನಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿಯುವಾಗ ಬಟ್ಟಲಿಗೂ ಮುಗಿದಂತಾಗುತ್ತದೆ. ಅದನ್ನು ನೋಡಿದಾಗಲೆಲ್ಲ ನನ್ನ ಮನಸ್ಸು ಬಟ್ಟಲಿನಿಂದ ಮೊಮ್ಮಗಳಿಗೆ, ಮೊಮ್ಮಗಳಿಂದ ನಾಯಿಗೆ, ನಾಯಿಯಿಂದ ಇನ್ನೊಂದು ನಾಯಿಗೆ ಹೋಗಿಬಿಡುತ್ತದೆ. ಅದನ್ನೇ ಬರೆಯೋಣವೆಂದು ಕೂತೆ. ನಾನು ಓದಿದ್ದು ಮೂರನೆಯ ಕ್ಲಾಸು. ಅದೂ ಕೊಳ್ಳೇಗಾಲದ ಕಡೆ ಸೋದರಮಾವನ ಮನೆಯಲ್ಲಿದ್ದುಕೊಂಡು. ಒತ್ತಕ್ಷರ ಬಂದ ಕಡೆಯಲ್ಲೆಲ್ಲ ನನ್ನ ಪೆನ್ನು ಹಳ್ಳ ದಾಟುವ ಮೇಕೆಯ ಹಾಗೆ ನಿಂತು ಯೋಚನೆ ಮಾಡುತ್ತದೆ. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ನಮ್ಮದು ಮೇಟ್ಟೂರು ಡ್ಯಾಮಿನ ನೀರಿಗೂ ಕಾಡಿಗೂ ನಡುವೆ ಸಿಕ್ಕಿಕೊಂಡಿರುವ ಊರು. ಈ ಕಡೆ ಮೀನು, ಆ ಕಡೆ ಕಾಡುಹಂದಿ, ನಡುವೆ ನಮ್ಮ ಕಡಲೆಕಾಯಿ ಹೊಲ. ಮನೆಯೊಳಗೆ ಕನ್ನಡ, ಬಸ್ಸು ಹತ್ತಿದರೆ ತಮಿಳು. ಇತ್ತೀಚೆಗೆ ಇನ್ನೊಂದು ಸೇರಿದೆ. ನಮ್ಮ ಯಾಳಿನಿ ನಾಯಿಯ ಹತ್ತಿರ ಇಂಗ್ಲಿಷ್ ಮಾತಾಡುತ್ತಾಳೆ. ಅಜ್ಜಿಗೆ “ಬಾ”, ಅಮ್ಮನಿಗೆ “ವಾ”, ನಾಯಿಗೆ “ಕಮ್”. ಮೂವರಲ್ಲಿ ಕರೆದ ಕೂಡಲೇ ಬರುವುದು ನಾಯಿ ಮಾತ್ರ.

ಯಾಳಿನಿ ಎಂಬುದು ನನ್ನ ಮೊಮ್ಮಗಳ ಹೆಸರು. ಏಳನೆಯ ಕ್ಲಾಸು. ಆ ಹೆಸರಿನ ನಡುವಿನ ಅಕ್ಷರ ಅವಳು ಹೇಳುವ ಹಾಗೆ ನನ್ನ ನಾಲಿಗೆಗೆ ಬರುವುದಿಲ್ಲ. ಹನ್ನೆರಡು ವರ್ಷದಿಂದ ಪ್ರಯತ್ನ ಮಾಡುತ್ತಿದ್ದೇನೆ. ಅವಳ ಅಪ್ಪ, ಅಂದರೆ ನನ್ನ ಮಗ ಮುರುಗೇಶ, ಶಂಕಗಿರಿಯಲ್ಲಿ ಲಾರಿ ಓಡಿಸುತ್ತಾನೆ. ವಾರ ಹತ್ತು ದಿನಕ್ಕೊಮ್ಮೆ ಮನೆಗೆ ಬರುತ್ತಾನೆ. ಒಂದು ಸಲ ಬರುವಾಗ ಅವನ ಅಂಗಿಯೊಳಗಿಂದ ಒಂದು ಮರಿ ತಲೆ ಹೊರಗೆ ಹಾಕಿತು. ಲಾರಿ ಶೆಡ್ಡಿನಲ್ಲಿ ಹುಟ್ಟಿದ್ದಂತೆ. ತಾಯಿ ಕೊಂಬೈ ಎಂಬ ಬೇಟೆನಾಯಿಯ ಜಾತಿಯದು. ಮರಿಯ ಮೈ ಬೆಂದ ಇಟ್ಟಿಗೆಯ ಬಣ್ಣ, ಮೂತಿ ಮಾತ್ರ ಒಲೆಗೆ ಇಟ್ಟು ತೆಗೆದಂತೆ ಕರಿ. ಯಾಳಿನಿ ಅದಕ್ಕೆ ಬ್ರೂನೋ ಎಂದು ಹೆಸರಿಟ್ಟಳು. ನಾನು ಒಲೆಯ ಮುಂದೆ ಕೂತಿದ್ದವಳು ಏಳಲಿಲ್ಲ. ಕೆಂಪು ನಾಯಿಯನ್ನು ನಮ್ಮ ಅಂಗಳದಲ್ಲಿ ನೋಡಿ ಅರವತ್ತು ವರ್ಷವಾಗಿತ್ತು.

ನಮ್ಮೂರಲ್ಲಿ ಯಾರೂ ಕೆಂಪು ನಾಯಿ ಸಾಕುವುದಿಲ್ಲ. ಕರಿ, ಬಿಳಿ, ಚುಕ್ಕೆ, ಬೂದಿ ಎಲ್ಲ ಇವೆ. ಕೆಂಪು ಇಲ್ಲ. ಸೊಸೆಯಾಗಿ ಬಂದವರಿಗೆ ಮೊದಲ ತಿಂಗಳಲ್ಲೇ ಹೇಳಿಬಿಡುತ್ತಾರೆ. ಯಾಕೆ ಎಂದು ಕೇಳಿದರೆ ಈಗಿನವರು, ಬೇಲಿಯಾಚೆಯ ಮುನಿಯಪ್ಪ ದೇವರಿಗೆ ಆಗುವುದಿಲ್ಲ ಅನ್ನುತ್ತಾರೆ. ಮುನಿಯಪ್ಪ ಪಾಪ, ಅವನ ಪಾಡಿಗೆ ಕತ್ತಿ ಹಿಡಿದು ಕೂತಿದ್ದಾನೆ. ನಾಯಿಯ ಬಣ್ಣದ ಬಗ್ಗೆ ಅವನು ಯಾವತ್ತೂ ಮಾತಾಡಿದ್ದಿಲ್ಲ.

ಮರಿ ಬಂದ ಮಾರನೆಯ ಬೆಳಿಗ್ಗೆ ಮಾದಮ್ಮ ಬಂದಳು. ಮಾದಮ್ಮ ನನ್ನ ಗೆಳತಿ. ಎರಡು ಮನೆಯಾಚೆ ಹುಟ್ಟಿದವಳು, ಅದೇ ಬೀದಿಗೆ ಮದುವೆಯಾದವಳು. ನನಗೆ ಅರವತ್ತೊಂಬತ್ತು ಎಂದರೆ ಅವಳಿಗೂ ಅಷ್ಟೆ. ಎಡಗಾಲನ್ನು ಸ್ವಲ್ಪ ಎಳೆದು, ಕೋಲೂರಿಕೊಂಡು ನಡೆಯುತ್ತಾಳೆ. ದಿನಾ ಬೆಳಿಗ್ಗೆ ನಮ್ಮ ಜಗಲಿಗೆ ಬಂದು ಎಲೆ ಅಡಿಕೆ ಹಾಕಿಕೊಂಡು, ಊರಿನ ಸಮಾಚಾರ ಉಗುಳಿ ಹೋಗುವುದು ಅವಳ ರೂಢಿ. ಅವತ್ತು ಜಗಲಿ ಹತ್ತಲಿಲ್ಲ.

“ಲೇ ಮುರುಗೇಶಾ, ನಿಂಗೆ ಬುದ್ದಿ ಐತೇನಲಾ? ಕೆಂಪು ನಾಯಿನ ಊರೊಳಕ್ ತಂದಿದ್ದೀಯಲ್ಲ.”

“ಮರಿ ಕಣತ್ತೆ. ಇನ್ನೂ ಆಲ್ ಕುಡಿಯೋದ್ ಬುಟ್ಟಿಲ್ಲ.”

“ಅಲ್ಲು ಬಂದ್ಮ್ಯಾಲೆ ಬುಡ್ತೈತೆ ಬುಡು” ಎಂದು ಮಾದಮ್ಮ ಸೀರೆಯನ್ನು ಗೇಣುದ್ದ ಮೇಲೆತ್ತಿ ಎಡಗಾಲಿನ ಮೀನಖಂಡ ತೋರಿಸಿದಳು. ಅಲ್ಲಿ ಹೊಳೆಯುವ ಒಂದು ಗುಂಡಿ ಇದೆ, ಅಳತೆಗೆ ನಿಂಬೆಹಣ್ಣು ಕೂರುವಷ್ಟು. “ನಿಮ್ಮವ್ವುನ್ನ ಕೇಳು. ಈ ಜಾತಿ ಏನ್ ಮಾಡ್ತದೆ ಅಂತ ಅವ್ಳಿಗೆ ಗೊತ್ತು. ಆ, ರಾಜಿ? ಯೋಳೇ.”

ನಾನು ಒಲೆ ಊದಿದೆ. ಹೊಗೆ ಕಣ್ಣಿಗೆ ಬಂತು ಎಂದು ಒಳಗೆ ಎದ್ದುಹೋದೆ. ಮುರುಗೇಶ, “ಮುಂದಿನ್ ಟ್ರಿಪ್ಪಿಗೆ ವಾಪಸ್ ತಗೊಂಡೋಯ್ತೀನಿ” ಎಂದು ಒಪ್ಪಿಕೊಂಡ. ಮಾದಮ್ಮನ ಮಾತನ್ನು ಊರಲ್ಲಿ ಯಾರೂ ತೆಗೆದುಹಾಕುವುದಿಲ್ಲ. ಕಚ್ಚಿಸಿಕೊಂಡವಳು ಅವಳು.

ಅದೇ ದಿನಗಳಲ್ಲಿ ಊರಿನ ಫೋನುಗಳಲ್ಲೆಲ್ಲ ಒಂದು ಪಟ್ಟಿ ಓಡಾಡುತ್ತಿತ್ತು. ಇಂಥಿಂಥ ಜಾತಿಯ ನಾಯಿ ಸಾಕಬಾರದು, ಅವು ಮನುಷ್ಯರನ್ನು ಹರಿದುಹಾಕುತ್ತವೆ ಎಂದು. ಜೊತೆಗೆ ಫೋಟೋ. ಒಂದೊಂದರ ತಲೆ ನಮ್ಮ ಒರಳಿನಷ್ಟು. ಪಟ್ಟಿ ಸರ್ಕಾರದ್ದೋ ಯಾರದ್ದೋ, ಈಗ ಇದೆಯೋ ರದ್ದಾಯಿತೋ ನನಗೆ ತಿಳಿಯದು. ಟೀ ಅಂಗಡಿಯಲ್ಲಿ ಮಾತ್ರ ದಿನಾ ಕೋರ್ಟು ಸೇರುತ್ತಿತ್ತು. “ಅದೆಲ್ಲ ಪಾರಿನ್ ನಾಯಿ ಕಣಣ್ಣ, ರಕ್ತದಲ್ಲೇ ಐತೆ” ಎಂದು ಒಬ್ಬ. “ಸಾಕೋನು ಸರಿಯಿದ್ರೆ ಉಲೀನೂ ಬಾಲ ಅಲ್ಲಾಡುಸ್ತದೆ” ಎಂದು ಇನ್ನೊಬ್ಬ. “ನಮ್ಮೂರ್ನೋರು ಬುದ್ವಂತ್ರು. ಸರ್ಕಾರ್ದೋರ್ಗಿಂತ ಮುಂಚೇನೇ ಕೆಂಪು ನಾಯಿ ಬ್ಯಾಡ ಅಂತ ಪಟ್ಟಿ ಮಾಡಿಬುಟ್ರು” ಎಂದು ಮೂರನೆಯವನು. ಹಾಲು ತರಲು ಹೋದ ನನ್ನ ಕಿವಿಗೆ ಅದು ಬಿತ್ತು. ಚಿಲ್ಲರೆ ತೆಗೆದುಕೊಳ್ಳುವುದನ್ನು ಮರೆತು ಮನೆಗೆ ಬಂದೆ.

ಆಮೇಲೆ ಯಾಳಿನಿಯ ಸ್ಕೂಲಿನಲ್ಲಿ ಪಟ್ಟಿಮನ್ರಂ ಇಟ್ಟರು. ಅದು ತಮಿಳರ ಮಾತಿನ ಪಂದ್ಯ. ಈ ಕಡೆ ಮೂವರು, ಆ ಕಡೆ ಮೂವರು, ನಡುವೆ ತೀರ್ಪು ಹೇಳಲು ಒಬ್ಬರು. ಹಬ್ಬದ ದಿನ ಟಿ.ವಿ.ಯಲ್ಲಿ ಬರುತ್ತದೆ, ನಗಿಸಿ ನಗಿಸಿ ಕಡೆಗೆ ಕಣ್ಣಲ್ಲಿ ನೀರು ತರಿಸುತ್ತಾರೆ. ಈ ಸಲದ ವಿಷಯ: ನಾಯಿ ಕಚ್ಚುವುದಕ್ಕೆ ಕಾರಣ ಹುಟ್ಟಾ, ಸಾಕಣೆಯಾ? ಚೀಟಿ ಎತ್ತಿದಾಗ ನಮ್ಮವಳಿಗೆ ಹುಟ್ಟಿನ ಪಕ್ಷ ಬಂತು. ಮನೆಯಲ್ಲಿ ಕೆಂಪು ಮರಿಯನ್ನು ಮಡಿಲಲ್ಲಿಟ್ಟುಕೊಂಡು, ಜಾತಿಯೇ ಕೆಟ್ಟದ್ದು ಎಂದು ವಾದ ಮಾಡಲು ತಯಾರಿ ನಡೆಸಬೇಕಾಯಿತು.

“ಅಜ್ಜೀ, ಎರಡು ಪಾಯಿಂಟ್ ಸಿಕ್ಕೈತೆ” ಎಂದು ನನ್ನ ಪಕ್ಕ ಬಂದು ಕೂತಳು. “ಓಡೋ ನಾಯಿಗೆ ಓಡೋದು ಉಟ್ಟಿನಿಂದ ಬತ್ತದೆ, ವಾಸನೆ ಇಡಿಯೋ ನಾಯಿಗೆ ವಾಸನೆ ಉಟ್ಟಿನಿಂದ ಬತ್ತದೆ. ಅಂಗಾರೆ ಕಚ್ಚೋದೂ ಉಟ್ಟಿನಿಂದಲೇ. ಇದು ಒಂದು. ದೊಡ್ಡ ದವಡೆ ನಾಯಿ ಕಚ್ಚಿದ್ರೆ ಗಾಯ ದೊಡ್ಡದು, ಅದು ಎರಡು. ಮೂರನೇದು ನಮ್ಮೂರ ಕೆಂಪು ನಾಯಿ. ಮಾದಜ್ಜಿ ಕಾಲ್ನೇ ಸ್ಟೇಜ್ ಮೇಲೆ ಯೋಳ್ತೀನಿ. ಯಾರ್ ಪಕ್ಷದಲ್ಲೂ ಅಂಥ ಪಾಯಿಂಟ್ ಇಲ್ಲ. ಅದು ಎಂಗಾಯ್ತು ಅಂತ ನೀನ್ ಸರಿಯಾಗ್ ಯೋಳು, ಬರ್ಕೋತೀನಿ.”

ಪೆನ್ಸಿಲ್ ಹಿಡಿದು ನನ್ನ ಬಾಯಿಯನ್ನೇ ನೋಡುತ್ತ ಕೂತಳು. ಅವಳ ಕಣ್ಣು ನನ್ನ ಅವ್ವನ ಕಣ್ಣು. ನಾನು ಅರವತ್ತು ವರ್ಷದ ಹಿಂದೆ ನುಂಗಿದ್ದ ಸುಳ್ಳು ಇನ್ನು ಎರಡು ದಿನಕ್ಕೆ ಈ ಮಗುವಿನ ಬಾಯಿಂದ ಮೈಕಿನಲ್ಲಿ ಹೊರಡುತ್ತದೆ. ಇಡೀ ಸ್ಕೂಲು ಅದಕ್ಕೆ ಚಪ್ಪಾಳೆ ತಟ್ಟುತ್ತದೆ. ಬೇರೆ ಯಾರ ಮುಂದಾದರೂ ನಾನು ಮತ್ತೆ ಒಲೆ ಊದುತ್ತಿದ್ದೆನೋ ಏನೋ.

“ಬರ್ಕೋಬ್ಯಾಡ. ಸುಮ್ನೆ ಕೇಳು” ಎಂದೆ.

ಕೇಳಿದಳು. ನೀವೂ ಕೇಳಿ.

ಸೋದರಮಾವನ ಮನೆಯಿಂದ ಓದು ಬಿಡಿಸಿ ನನ್ನನ್ನು ಊರಿಗೆ ಕರೆಸಿಕೊಂಡ ವರ್ಷ. ನನಗೆ ಒಂಬತ್ತು. ಮೇಕೆ ಮೇಯಿಸಲು ಹಚ್ಚಿದರು. ಊರಿನ ಮಕ್ಕಳು ನನ್ನನ್ನು ಕೊಳ್ಳೇಗಾಲದವಳು ಎಂದು ಆಟಕ್ಕೆ ಸೇರಿಸುತ್ತಿರಲಿಲ್ಲ. ಸೇರಿಸಿದವಳು ಮಾದಮ್ಮ ಒಬ್ಬಳೇ. ಮಾದಮ್ಮ ಬಿಟ್ಟರೆ ನನಗಿದ್ದದ್ದು ನಮ್ಮ ನಾಯಿ ಕೆಂಪಿ. ಹರೂರಿನ ಕಡೆ ನಮ್ಮ ದೊಡ್ಡಮ್ಮನ ಮನೆಯಿಂದ ಅಪ್ಪ ಒಂದೇ ಸೂಲಿನ ಮೂರು ಕೆಂಪು ಮರಿ ತಂದಿದ್ದರು. ಒಂದು ನಮಗೆ, ಎರಡು ಬೇರೆ ಎರಡು ಮನೆಗೆ. ಹೊಲಕ್ಕೆ ಹಂದಿ ಬರದಂತೆ ಕಾಯಲಿ ಎಂದು.

ಕೆಂಪಿಗೆ ಕಾಯುವುದು ಗೊತ್ತಿರಲಿಲ್ಲ. ಯಾರು ಬಂದರೂ ಬೆನ್ನು ನೆಲಕ್ಕೆ ಹಾಕಿ ಹೊಟ್ಟೆ ತೋರಿಸುವುದು. ಒಂದು ಮುಂಜಾನೆ ಹಂದಿಗಳು ಕಡಲೆಕಾಯಿ ಪಾತಿಯನ್ನು ಉತ್ತು ಹೋಗಿದ್ದವು. ಕೆಂಪಿ ಆ ಮಣ್ಣಲ್ಲಿ ಮಲಗಿ ಬಿಸಿಲು ಕಾಯಿಸುತ್ತಿತ್ತು. “ಇದು ಅಂದಿಗೂ ಬಾಲ ಅಲ್ಲಾಡ್ಸಿರ್ಬೇಕು” ಎಂದು ಜನ ನಕ್ಕರು. ಅಪ್ಪನಿಗೆ ಅವಮಾನವಾಯಿತು. ಬರುವ ಅಮಾವಾಸ್ಯೆಯೊಳಗೆ ಇದು ಬೊಗಳುವುದು ಕಲಿಯದಿದ್ದರೆ ವಾಪಸ್ ಹರೂರಿಗೆ ಎಂದರು.

ಮೇಕೆ ಮೇಯಿಸುವವರ ಹತ್ತಿರ ನಾಯಿಗೆ ರೋಷ ಬರಿಸುವ ಒಂದು ಉಪಾಯವಿತ್ತು. ಕಡಜದ ಗೂಡಿಗೆ ಬೆರಣಿ ಹೊಗೆ ಹಾಕಿ ಹುಳುಗಳನ್ನು ಓಡಿಸಿ, ಗೂಡಿನೊಳಗಿನ ಬಿಳಿ ಮರಿಗಳನ್ನು ಜಜ್ಜಿ ರಾಗಿ ಹಿಟ್ಟಿನ ಮುದ್ದೆಯಲ್ಲಿ ಬೆರೆಸಿ ತಿನ್ನಿಸಬೇಕು. ಕಡಜದ ಸಿಟ್ಟು ನಾಯಿಯ ಹೊಟ್ಟೆಗೆ ಇಳಿಯುತ್ತದೆ. ಸಿಟ್ಟು ಆರಿಹೋಗದಂತೆ ಹಗಲೆಲ್ಲ ಮಂಕರಿಯಡಿ, ಅಂದರೆ ಮೇಕೆಮರಿ ಮುಚ್ಚುವ ದೊಡ್ಡ ಬಿದಿರು ಬುಟ್ಟಿಯಡಿ, ಕೂಡಿಹಾಕಿ ಆಗಾಗ ಕೋಲಿನಿಂದ ತಿವಿಯಬೇಕು. ಗಂಡುಮಕ್ಕಳು ಮಾಡುತ್ತಿದ್ದ ಕೆಲಸ ಅದು. ನಾನು ಮಾಡಿದೆ. ನನ್ನ ಹುಬ್ಬಿನ ಮೇಲೆ, ಕಿವಿಯ ಹಿಂದೆ ಏಳು ಕಡೆ ಕಡಜ ಹೊಡೆದವು. ಮುಖ ಊದಿ ಕಣ್ಣು ಮುಚ್ಚಿಹೋಯಿತು. ಅವ್ವನಿಗೆ ಬೇಲಿ ಮುಳ್ಳು ಎಂದು ಹೇಳಿದೆ. ಕೆಂಪಿ ನನ್ನ ಕೈಯಿಂದ ಮುದ್ದೆಯನ್ನು ತಿಂದು ಅಂಗೈಯನ್ನೂ ನೆಕ್ಕಿತು. ಆಮೇಲೆ ಅದೇ ಕೈಯಲ್ಲಿ ಮಂಕರಿ ಮುಚ್ಚಿದೆ. ಅದೇ ಕೈಯಲ್ಲಿ ಕೋಲು ಹಿಡಿದೆ.

ಮೊದಲ ದಿನ ಕೆಂಪಿ ಆಟವೆಂದುಕೊಂಡು ಕೋಲನ್ನು ಬಾಯಲ್ಲಿ ಹಿಡಿಯಿತು. ಮೂರನೆಯ ದಿನ ಗುರುಗುಟ್ಟಿತು. ಹತ್ತನೆಯ ದಿನ ಮಂಕರಿ ಅಲ್ಲಾಡುವ ಹಾಗೆ ಬೊಗಳಿತು. ಅಪ್ಪ, “ಪರ್ವಾಗಿಲ್ವಲ್ಲ” ಎಂದರು. ನನಗೆ ಆದ ಸಂತೋಷ ಹೇಳತೀರದು. ಕೆಂಪಿ ಹರೂರಿಗೆ ಹೋಗುವುದಿಲ್ಲ.

ಅವತ್ತೇ ಸಾಯಂಕಾಲ ಮಾದಮ್ಮ ಒಲೆಗೆ ಕೆಂಡ ಕೇಳಲು ಓಡುತ್ತ ಬಂದಳು, ಕೈಯಲ್ಲೊಂದು ಕಡ್ಡಿ ಬೀಸುತ್ತ. ಕೆಂಪಿಯನ್ನು ಆಗತಾನೆ ಹೊರಗೆ ಬಿಟ್ಟಿದ್ದೆ.

ಹಿಂದಿನ ವಾರದವರೆಗೂ ಮಾದಮ್ಮನ ಕಾಲಿಗೆ ಉಜ್ಜಿಕೊಂಡು ನಿಲ್ಲುತ್ತಿದ್ದ ನಾಯಿ ಅದು. ಅದನ್ನು ಬಿಡಿಸಲು ಇಬ್ಬರು ಗಂಡಸರು ಬೇಕಾಯಿತು. ಮಾದಮ್ಮನ ಅಪ್ಪ ಹದಿನಾಲ್ಕು ದಿನ ಅವಳನ್ನು ಹೆಗಲ ಮೇಲೆ ಹೊತ್ತು ಬಸ್ಸಿಗೆ ನಡೆದು, ಮೇಟ್ಟೂರಿಗೆ ಹೋಗಿ, ಹೊಕ್ಕಳ ಸುತ್ತ ದಿನಕ್ಕೊಂದು ಸೂಜಿ ಹಾಕಿಸಿಕೊಂಡು ಬಂದರು. ನಾನು ಅವಳ ಪಕ್ಕ ಕೂತು ಹುಣಸೆಹಣ್ಣಿಗೆ ಉಪ್ಪು ಹಚ್ಚಿ ಕೊಡುತ್ತಿದ್ದೆ.

ಊರ ಗಂಡಸರು ಕೂತು ಮಾತಾಡಿದರು. ಸಾಕಿದ ಮನೆಯ ತಪ್ಪಾ ಎಂದು ಒಬ್ಬರು ಕೇಳಿದರಂತೆ. ಅಪ್ಪ, “ನಮ್ಮನೇಲಿ ಯಾರೂ ಅದಕ್ಕೆ ಒಂದೇಟು ಒಡ್ದೋರಲ್ಲ” ಎಂದು ಮುನಿಯಪ್ಪನ ಮೇಲೆ ಆಣೆ ಹಾಕಿದರು. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಹಾಗಾದರೆ ಜಾತಿಯೇ ಕೆಟ್ಟದ್ದು, ಹರೂರಿನ ಆ ಕೆಂಪು ಸೂಲೇ ಕೆಟ್ಟದ್ದು ಎಂದು ತೀರ್ಮಾನವಾಯಿತು. ನಾನು ಕಂಬದ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ಬಾಯಿ ತೆರೆಯಲಿಲ್ಲ. ಮೂರು ನಾಯಿಗಳನ್ನೂ ಕಾಡಿನ ಅಂಚಿಗೆ ಕರೆದುಕೊಂಡು ಹೋದರು. ಉಳಿದ ಎರಡಕ್ಕೆ ಯಾರೂ ಕಡಜ ತಿನ್ನಿಸಿರಲಿಲ್ಲ. ಅವು ಯಾರನ್ನೂ ಕಚ್ಚಿರಲಿಲ್ಲ. ಬಾಲ ಅಲ್ಲಾಡಿಸುತ್ತಲೇ ಹೋದವು. ವಾಪಸ್ ಬರುವಾಗ ಅಪ್ಪನ ಕೈಯಲ್ಲಿ ಹಗ್ಗ ಮಾತ್ರ ಇತ್ತು.

ಅಂದಿನಿಂದ ನಮ್ಮೂರಲ್ಲಿ ಕೆಂಪು ನಾಯಿ ಇಲ್ಲ. ಅಂದಿನಿಂದ ನಾನು ಯಾವ ನಾಯಿಯನ್ನೂ ಹೆಸರು ಹಿಡಿದು ಕರೆದಿಲ್ಲ, ಕೈಯಿಂದ ಉಣಿಸಿಲ್ಲ. ಅಂಗಳದ ಕಲ್ಲಿನ ಮೇಲೆ ಹಾಕಿ ಬಂದುಬಿಡುತ್ತೇನೆ. ಅಜ್ಜಿಗೆ ನಾಯಿ ಎಂದರೆ ಗಲೀಜು ಎಂದು ಮನೆಯವರು ತಿಳಿದುಕೊಂಡಿದ್ದಾರೆ.

ಯಾಳಿನಿ ಎಲ್ಲ ಕೇಳಿ ಮರಿಯ ತಲೆ ಸವರಿದಳು. ಮರಿ ಅವಳ ಪೆನ್ಸಿಲನ್ನು ಅಗಿಯುತ್ತಿತ್ತು.

“ಕಡಜದ ಮರಿ ತಿಂದ್ರೆ ಏನೂ ಆಗಲ್ಲಜ್ಜಿ. ಅದು ಬರೀ ಪ್ರೋಟೀನು” ಎಂದಳು ಕಡೆಗೆ. “ಮಂಕರಿ ಒಳಗ್ ಆಕಿ ತಿವಿದೆಯಲ್ಲ, ಅದು.”

ಅರವತ್ತು ವರ್ಷ ನಾನು ಕಡಜದ ಮೇಲೆ ಹೊರಿಸಿದ್ದನ್ನು ಏಳನೆಯ ಕ್ಲಾಸಿನ ಹುಡುಗಿ ಎರಡು ಮಾತಿನಲ್ಲಿ ಇಳಿಸಿ, ಎಲ್ಲಿಡಬೇಕೋ ಅಲ್ಲಿಟ್ಟಳು.

“ಮಾದಜ್ಜಿಗೆ ಗೊತ್ತಾ?”

“ಇಲ್ಲ. ನೀನೂ ಯೋಳ್ಬ್ಯಾಡ, ಯಾರ್ಗೂ.”

ತಲೆಯಾಡಿಸಿದಳು. ಮಾರನೆಯ ದಿನ ಟೀಚರ್ ಹತ್ತಿರ ಹೋಗಿ, ನನಗೆ ಸಾಕಣೆಯ ಪಕ್ಷ ಕೊಡಿ ಎಂದು ಕೇಳಿದಳಂತೆ. ಚೀಟಿ ಎಂದರೆ ಚೀಟಿ, ಬದಲಾಯಿಸುವ ಹಾಗಿಲ್ಲ ಎಂದರಂತೆ.

ಪಟ್ಟಿಮನ್ರಂ ದಿನ ನಾನೂ ಮಾದಮ್ಮನೂ ಬೇಗ ಹೋಗಿ ಬೇವಿನ ಮರದ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಿಡಿದೆವು. ಮಾದಮ್ಮ ಹೊಸ ಸೀರೆ ಉಟ್ಟಿದ್ದಳು. ತನ್ನ ಕಾಲಿನ ಕತೆ ಮೈಕಿನಲ್ಲಿ ಬರುತ್ತದೆ ಎಂದು ಯಾಳಿನಿ ಮೊದಲೇ ಹೇಳಿಬಿಟ್ಟಿದ್ದಳಲ್ಲ. ಪಕ್ಕದವರಿಗೆಲ್ಲ, “ನಂದೇ ಕಾಲು, ನಂದೇ” ಎಂದು ಹೇಳುತ್ತಿದ್ದಳು. ನಾನು ಸ್ಟೇಜಿನ ಕಡೆ ತಿರುಗಿ ಕೂತೆ.

ಐದು ಮಕ್ಕಳು ಚೆನ್ನಾಗಿ ಮಾತಾಡಿದರು. ಒಬ್ಬ ಹುಡುಗ ನಾಯಿಯ ಹಾಗೆ ಬೊಗಳಿ ತೋರಿಸಿ ಬಹಳ ಚಪ್ಪಾಳೆ ಗಿಟ್ಟಿಸಿದ. ಕಡೆಗೆ ನಮ್ಮವಳು ಬಂದಳು. ಜಡೆಯ ರಿಬ್ಬನ್ ಒಂದು ಕಡೆ ಬಿಚ್ಚಿಹೋಗಿತ್ತು. ಮೊದಲನೆಯ ಪಾಯಿಂಟ್ ಹೇಳಿದಳು. ಎರಡನೆಯದು ಹೇಳಿದಳು. ದೊಡ್ಡ ದವಡೆಯ ಮಾತು ಬಂದಾಗ ಹಿಂದೆ ಕೂತ ತಾಯಂದಿರು ತಲೆದೂಗಿದರು. ಅದು ನಿಜವೇ. ದೊಡ್ಡ ನಾಯಿಯ ಬಾಯಿಗೆ ಸಣ್ಣ ಮಗು ಸಿಕ್ಕರೆ, ಸಾಕಿದವರು ಒಳ್ಳೆಯವರು ಎಂದು ಗಾಯ ಸಣ್ಣದಾಗುವುದಿಲ್ಲ. ಅದನ್ನು ನಾನು ಇಲ್ಲ ಎನ್ನಲಾರೆ.

ಆಮೇಲೆ ಅವಳು ಕೈಯಲ್ಲಿದ್ದ ಚೀಟಿಯನ್ನು ಮಡಿಸಿದಳು. ತಮಿಳಿನಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ: “ನನ್ನ ಹತ್ತಿರ ಮೂರನೆಯ ಪಾಯಿಂಟ್ ಒಂದಿತ್ತು. ನಮ್ಮೂರಿನದು. ಅದು ಬಹಳ ಒಳ್ಳೆಯ ಪಾಯಿಂಟ್. ಅದು ಸುಳ್ಳು ಎಂದು ಮೊನ್ನೆ ಗೊತ್ತಾಯಿತು. ಹೇಗೆ ಸುಳ್ಳು ಎಂದು ಹೇಳುವುದು ನನ್ನ ಹಕ್ಕಲ್ಲ. ಆದ್ದರಿಂದ ನನ್ನ ಹತ್ತಿರ ಎರಡೇ ಪಾಯಿಂಟ್ ಇದೆ. ವಣಕ್ಕಂ.”

ಹೋಗಿ ಕೂತಳು. ಒಬ್ಬಿಬ್ಬರು ಕೈ ತಟ್ಟಿ ನಿಲ್ಲಿಸಿದರು. ತೀರ್ಪು ಹೇಳುವ ಮೇಷ್ಟ್ರು, ಮಗು ಭಯದಿಂದ ಮರೆತಿದೆ, ಮುಂದಿನ ಸಲ ಚೆನ್ನಾಗಿ ಬಾಯಿಪಾಠ ಮಾಡಲಿ ಎಂದರು. ನನಗೆ ಎದ್ದು ನಿಲ್ಲಬೇಕು ಅನ್ನಿಸಿತು. ಏಳಲಿಲ್ಲ. ಕಣ್ಣೀರು ಮಾತ್ರ ಬಂತು. ನಾನು ಒಂಬತ್ತು ವರ್ಷದವಳಾಗಿ ಕಂಬದ ಹಿಂದೆ ಮಾಡಲಾಗದೆ ಹೋದದ್ದನ್ನು ಇವಳು ಹನ್ನೆರಡಕ್ಕೆ, ಅಷ್ಟು ಜನರ ಮುಂದೆ, ಬಿಚ್ಚಿದ ರಿಬ್ಬನ್ ಸಮೇತ ಮಾಡಿದ್ದಳು. ಅಜ್ಜಿಯ ಮಾನವನ್ನೂ ಉಳಿಸಿದ್ದಳು, ಸುಳ್ಳು ಹೇಳಿ ತನ್ನ ಬಾಯನ್ನೂ ಕೆಡಿಸಿಕೊಂಡಿರಲಿಲ್ಲ. ನನ್ನ ರಕ್ತದಿಂದ ಅಂಥದ್ದು ಹುಟ್ಟಿ ಬಂದಿದೆ ಎಂದು ಹಿಗ್ಗಿಹೋದೆ. ಇದಕ್ಕೆ ಕಾರಣ ಹುಟ್ಟಾ, ಸಾಕಣೆಯಾ ಎಂದು ನನ್ನನ್ನು ಯಾರಾದರೂ ಕೇಳಿದ್ದರೆ ಯಾವ ಪಕ್ಷಕ್ಕೆ ಬೇಕಾದರೂ ಸೇರಿಬಿಡುತ್ತಿದ್ದೆ.

ಮಾದಮ್ಮ ನನ್ನ ಮುಖ ನೋಡುತ್ತಿದ್ದಳು.

ವಾಪಸ್ ಬರುವಾಗ ಯಾಳಿನಿ ಬಟ್ಟಲು ಹಿಡಿದು ಮುಂದೆ ಓಡಿದಳು. ನಾವಿಬ್ಬರು ಡ್ಯಾಮಿನ ನೀರು ಕಾಣುವ ತಿರುವಿನವರೆಗೂ ನಡೆದು ಬಂದೆವು. ಅಲ್ಲಿ ಮಾದಮ್ಮ ನಿಂತಳು.

“ನನ್ ಕಾಲು ಸುಳ್ಳಾ, ರಾಜಿ?”

“ಕಾಲು ಸುಳ್ಳಲ್ಲ ಕಣೆ.”

“ಮತ್ತೆ?”

ಹೇಳಿದೆ. ಗೂಡು, ಮುದ್ದೆ, ಮಂಕರಿ, ಕೋಲು ಎಲ್ಲ ಹೇಳಿದೆ. ಬೇಲಿ ಮುಳ್ಳನ್ನೂ ಬಿಡಲಿಲ್ಲ. ಕೇಳುತ್ತ ಕೇಳುತ್ತ ಅವಳು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಳು. ಹೊಸ ಸೀರೆ ಮಣ್ಣಾಗುತ್ತದೆ ಎಂಬುದೂ ಗಮನಕ್ಕೆ ಬರಲಿಲ್ಲ. ಬಯ್ಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಆ ಉಳಿದೆರಡು ನಾಯಿ” ಎಂದಳು. “ಅದ್ರಲ್ ಒಂದು ನಮ್ಮತ್ತೆ ಮನೇದು. ನಾನ್ ಮದ್ವೆಯಾಗಿ ಓದ್ಮ್ಯಾಲೂ ಯೋಳೋರು, ಎಂಥ ನಾಯಿ ಇತ್ತು, ನಿನ್ ದೆಸೆಯಿಂದ ಓಯ್ತು ಅಂತ. ನಾನು, ಜಾತಿ ಕೆಟ್ಟದ್ದು, ಓಗಿದ್ದೇ ಒಳ್ಳೇದಾಯ್ತು ಅಂತಿದ್ದೆ. ಇಷ್ಟು ವರ್ಸ ಅಂಗೇ ಅಂದ್ಕೊಂಡ್ ಬಂದೆ ಕಣೇ.”

ಕೋಲೂರಿ ಎದ್ದಳು. ನಾನು ಕೈ ಕೊಡಲು ಹೋದೆ. ಆ ಕೈಯನ್ನು ನೋಡಿದಳು, ಹಿಡಿಯಲಿಲ್ಲ. ಕಾಲೆಳೆದುಕೊಂಡು ಒಬ್ಬಳೇ ಹೋದಳು.

ಮಿಠಾಯಿ ಹಂಚಿದ್ದು ಅದರ ಮಾರನೆಯ ದಿನ. ನಿಮಗೆ ವಿಚಿತ್ರ ಅನ್ನಿಸಬಹುದು. ಮೊಮ್ಮಗಳ ಸಂತೋಷ ಒಂದು ಕಡೆ ಉಕ್ಕುತ್ತಿತ್ತು, ಇನ್ನೊಂದು ಕಡೆ ಜಗಲಿ ಖಾಲಿಯಿತ್ತು. ನಾಲ್ಕು ದಿನ ಮಾದಮ್ಮ ಬರಲಿಲ್ಲ. ನಾನು ಎರಡು ಸಲ ಅವಳ ಮನೆಯವರೆಗೂ ಹೋಗಿ ಬಾಗಿಲು ತಟ್ಟದೆ ಬಂದೆ. ಎಲೆ ಅಡಿಕೆ ಉಗುಳಿದ ಕೆಂಪು ಕಲೆಯನ್ನು ಗೋಡೆಯಿಂದ ತೊಳೆ ಎಂದು ನಾನೇ ದಿನಾ ಅವಳನ್ನು ಬಯ್ಯುತ್ತಿದ್ದೆ. ಈಗ ಆ ಕಲೆ ಒಣಗುವುದನ್ನು ನೋಡುತ್ತ ಕೂತಿದ್ದೆ. ಸೆರಗಿನ ಗಂಟು ಹಾಗೇ ಇತ್ತು.

ಹಿಂದಿನ ರಾತ್ರಿ ಮನೆಗೆ ಬಂದಿದ್ದ ಮುರುಗೇಶ ಐದನೆಯ ಬೆಳಿಗ್ಗೆ ಮತ್ತೆ ಟ್ರಿಪ್ಪಿಗೆ ಹೊರಟ. ಮಾತು ಕೊಟ್ಟ ಹಾಗೆ ಮರಿಯನ್ನು ವಾಪಸ್ ಒಯ್ಯಲು ಟೊಮೆಟೊ ಕ್ರೇಟ್ ಒಂದನ್ನು ಅಂಗಳಕ್ಕೆ ತಂದಿಟ್ಟ. ಯಾಳಿನಿ ಅಳಲಿಲ್ಲ. ತನ್ನ ಹಳೆಯ ಯೂನಿಫಾರಮ್ಮನ್ನು ಕ್ರೇಟಿನೊಳಗೆ ಹಾಸಿ, ಮಡಿಕೆಯಿರದಂತೆ ಕೈಯಿಂದ ಒತ್ತುತ್ತ ಕೂತಿದ್ದಳು. ಮರಿ ಇಲ್ಲೇ ಇರಲಿ ಬಿಡು ಎಂದು ನಾನು ಮಗನಿಗೆ ಹೇಳಬೇಕೆಂದಿದ್ದೆ. ಆದರೆ ಬೇಕು ಬೇಡ ಎನ್ನುವ ಹಕ್ಕು ನನ್ನದಾಗಿ ಉಳಿದಿರಲಿಲ್ಲ.

ಕೋಲಿನ ಸದ್ದು ಕೇಳಿತು. ಮಾದಮ್ಮ ಬಂದಳು. ಕೈಯಲ್ಲಿ ಮುಚ್ಚಿದ ಅಲ್ಯೂಮಿನಿಯಂ ಪಾತ್ರೆ. ಯಾರನ್ನೂ ನೋಡದೆ ಜಗಲಿಯ ತುದಿಗೆ ಹೋಗಿ ಕೂತು, ಎಡಗಾಲನ್ನು ಎತ್ತಿ ಮೇಲಿಟ್ಟುಕೊಂಡಳು. ಮರಿ ಅವಳ ಕಡೆ ಎರಡು ಹೆಜ್ಜೆ ಹೋಯಿತು. ಅವಳು ಕೋಲನ್ನು ಅಡ್ಡ ಇಟ್ಟಳು.

“ರಾಗಿ ಇಟ್ಟು ಮಿಕ್ಕಿತ್ತು” ಎಂದಳು, ಗೋಡೆಗೆ ಹೇಳುವವಳ ಹಾಗೆ. ಆಮೇಲೆ ನನ್ನ ಕಡೆ ತಿರುಗಿದಳು. “ನಾನ್ ಆಕಲ್ಲ. ನೀನೇ ಆಕು. ಕಲ್ ಮ್ಯಾಲಲ್ಲ, ಕೈಲಿ. ಏನ್ ಬೆರಸ್ತೀಯೋ ನಾನ್ ಕೂತು ನೋಡ್ಬೇಕು.”

ನಾನು ಎರಡು ಅಂಗೈಯನ್ನೂ ಬಿಡಿಸಿ ಅವಳ ಮುಂದೆ ಹಿಡಿದೆ. ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಅವಳು ಆ ಕೈಗಳನ್ನು ಬಹಳ ಹೊತ್ತು ನೋಡಿದಳು. “ಊಂ” ಎಂದಳು.

ತಣ್ಣಗಿನ ಮುದ್ದೆಯಿಂದ ಚೂರು ಮುರಿದು ಕೂತೆ. “ಬ್ರೂನೋ” ಎಂದು ಕರೆದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು. ಮರಿ ಬಂತು. ತಿಂದಿತು. ಆಮೇಲೆ ಅಂಗೈಯನ್ನೂ ನೆಕ್ಕಿತು. ಅರವತ್ತು ವರ್ಷದ ಮೇಲೆ ಆ ಬಿಸಿ ನಾಲಿಗೆ ಕೈಗೆ ತಗುಲಿದಾಗ ನಾನು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಯಾಳಿನಿ ಕ್ರೇಟಿನಿಂದ ಯೂನಿಫಾರಮ್ಮನ್ನು ಮೆಲ್ಲಗೆ ತೆಗೆದು ಹೆಗಲ ಮೇಲೆ ಹಾಕಿಕೊಂಡಳು. ಮುರುಗೇಶ ಏನೂ ಕೇಳದೆ ಖಾಲಿ ಕ್ರೇಟನ್ನು ಕೊಟ್ಟಿಗೆಯ ಮೇಲೆ ಎಸೆದು ಬಸ್ಸಿಗೆ ಹೊರಟ.

“ಊರ್ಗೆಲ್ಲ ಮಿಟಾಯಿ ಅಂಚಿದ್ಯಂತಲ್ಲ” ಎಂದಳು ಮಾದಮ್ಮ.

ಸೆರಗಿನ ಗಂಟು ಬಿಚ್ಚಲು ನನಗೆ ಆಗಲಿಲ್ಲ, ಬೆಲ್ಲ ಕರಗಿ ಬಟ್ಟೆಗೆ ಹಿಡಿದುಹೋಗಿತ್ತು. ಅವಳೇ ಬಾಗಿ ಹಲ್ಲಿನಿಂದ ಎಳೆದು ಬಿಚ್ಚಿದಳು. ತುಂಡನ್ನು ಬೆಳಕಿಗೆ ಹಿಡಿದು, ಅಂಟಿದ್ದ ನೂಲನ್ನು ಉಗುರಿನಿಂದ ಕಿತ್ತು, ಬಾಯಿಗೆ ಹಾಕಿಕೊಂಡಳು. ದವಡೆಯ ಒಂದು ಕಡೆಗೆ ಸರಿಸಿಕೊಂಡು ಚಪ್ಪರಿಸತೊಡಗಿದ ಮೇಲೆ ಕೇಳಿದಳು:

“ಇದ್ರಾಗೇನೂ ಬೆರಸಿಲ್ಲ ತಾನೆ?”